ಸುಂದರಾಬಾಯಿ ಬೆಳಗಿದ ಬಾಗುಗತ್ತಿ

ಚಿಕ್ಕೋಡಿಯ ವಸ್ತುಸಂಗ್ರಹಾಲಯದಲ್ಲಿ ಒಟ್ಟು ನಾನೂರ ಹನ್ನೆರಡು ವಸ್ತುಗಳಿವೆ. ಅದರಲ್ಲಿ ನಾನೂರ ಹನ್ನೊಂದನ್ನು ನೋಡಲು ನರಪಿಳ್ಳೆಯೂ ಬರುವುದಿಲ್ಲ. ಇದು ನಾನು ಹೇಳಿದ್ದಲ್ಲ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಕಸ ಹೊಡೆದು, ಗಾಜು ಒರೆಸಿ, ಬಾಗಿಲು ತೆಗೆದು ಮುಚ್ಚುತ್ತ ಬಂದಿರುವ ಸುಂದರಾ ಕುರಣೆ ಹೇಳಿದ್ದು. ಮೂಗು ಹೋದ ವೀರಗಲ್ಲು, ಒಡೆದ ಗಡಿಗೆ, ಯಾವುದೋ ಜಮೀನ್ದಾರರ ವಾಡೆಯ ಪಲ್ಲಕ್ಕಿಯ ಕಾಲು, ಇವೆಲ್ಲ ಪಾಪ ತಮ್ಮ ಪಾಡಿಗೆ ತಾವು ಗೋಡೆಗೆ ಒರಗಿಕೊಂಡಿವೆ. ಶಾಲೆಯ ಮಕ್ಕಳು ಅವನ್ನು ದಾಟಿ ಓಡುವುದು ಒಳಗಿನ ಪಡಸಾಲೆಗೆ. ಅಲ್ಲಿ ನಟ್ಟನಡುವೆ, ಗಾಜಿನ ಪೆಟ್ಟಿಗೆಯೊಳಗೆ, ಕೆಂಪು ಬಟ್ಟೆಯ ಮೇಲೆ ಬಾಗುಗತ್ತಿ ಮಲಗಿದೆ.

ಮೂರಡಿ ಉದ್ದ. ಒಂದೇ ಕಡೆ ಅಲಗು. ತುದಿಯತ್ತ ಹೋದಂತೆ ಮೆಲ್ಲಗೆ ಬಾಗಿ, ಕೊನೆಯ ಗೇಣಿನಲ್ಲಿ ಮಾತ್ರ ಎರಡೂ ಕಡೆ ಹರಿತವಾಗಿರುವ ಕತ್ತಿ. ನಲವತ್ತು ವರ್ಷದ ಹಿಂದೆ ಕೃಷ್ಣಾ ನದಿಯ ದಂಡೆಯಲ್ಲಿ, ಆಗ ಅಥಣಿ ತಾಲೂಕಿನಲ್ಲಿದ್ದು ಈಗ ಕಾಗವಾಡಕ್ಕೆ ಸೇರಿದ ಒಂದು ಊರಿನಲ್ಲಿ, ನೀರೆತ್ತುವ ಜಾಕ್‌ವೆಲ್ ಬಾವಿ ತೋಡುವಾಗ ಹತ್ತಾಳು ಆಳದ ಕೆಸರಿನಲ್ಲಿ ಸಿಕ್ಕಿದ್ದು. ಸಿಕ್ಕಾಗ ಹಿಡಿಕೆಯ ಅಡ್ಡಪಟ್ಟಿ ಅಲುಗಾಡುತ್ತಿತ್ತು. ಅಥಣಿಯ ಒಬ್ಬ ಕಮ್ಮಾರ ಅದು ಕಳಚದಿರಲಿ ಎಂದು ಅದರ ಕೆಳಗೆ ನಾಲ್ಕು ಬೆರಳು ಅಗಲಕ್ಕೆ ಅರಗು ಮೆತ್ತಿ ಕೊಟ್ಟ. ಕತ್ತಿ ಮ್ಯೂಸಿಯಂ ಸೇರಿತು.

“ಇದು ರಾಜಂದಲ್ಲ, ಸರದಾರಂದೂ ಅಲ್ಲ,” ಎಂದು ಸುಂದರಾ ಮಕ್ಕಳಿಗೆ ಹೇಳುತ್ತಾಳೆ. “ಎಂಟನೂರ ವರ್ಷದ ಹಿಂದ, ಹುಲ್ಲ ಬಿಟ್ರ ಏನೂ ಇಲ್ಲದ ದೇಶದಾಗ ಕುದುರಿ ಮ್ಯಾಲ ಹುಟ್ಟಿ ಕುದುರಿ ಮ್ಯಾಲ ಸಾಯೋ ಮಂದಿ ಇದ್ರು. ಮನಿ ಇಲ್ಲ, ಮಠ ಇಲ್ಲ. ಅವರ ಕತ್ತಿ ಇದು. ಕುದುರಿ ಮಾರವರ ಸಂಗಾಟ ಇಲ್ಲೀತನ ಬಂದೈತಿ.” ಇಷ್ಟನ್ನು ಆಕೆಗೆ ಹೇಳಿಕೊಟ್ಟವರು ಮೊದಲಿದ್ದ ಅಧಿಕಾರಿಗಳು. ಆ ಸವಾರ ಕೃಷ್ಣೆಯಲ್ಲಿ ಕುದುರೆಗೆ ನೀರು ಕುಡಿಸಲು ಇಳಿದದ್ದು, ಕೆಸರಿನಲ್ಲಿ ಕಾಲು ಜಾರಿದ್ದು, ಸೊಂಟದ ಕತ್ತಿ ಕಳಚಿ ಬಿದ್ದದ್ದು, ಅವನು ಮೂರು ದಿನ ದಂಡೆಯಲ್ಲಿ ಕೂತು ಅತ್ತದ್ದು, ಇವೆಲ್ಲ ಸುಂದರಾಳೇ ಹಾಕಿದ ಉಪ್ಪು ಖಾರ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತವೆ. ಮಾಸ್ತರರೂ ಕೇಳುತ್ತಾರೆ.

ಆಕೆಗೆ ಆ ಕತ್ತಿಯ ಮೇಲೆ ಯಾಕಷ್ಟು ಜೀವ ಎಂದರೆ, ಆಕೆಯೂ ಅಲಗು ಹಿಡಿದು ಬಾಳಿದವಳು. ತವರು ಬೇಡಕಿಹಾಳ, ಕೊಟ್ಟದ್ದು ಕರೋಶಿಗೆ. ಗಂಡ ಬಾಳುವಿನ ಸಂಗಡ ಹದಿನಾರು ವರ್ಷ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಊರಿಂದೂರಿಗೆ ಹೋದಳು. ರಾಯಬಾಗದಲ್ಲಿ ಒಂದು ತಿಂಗಳು, ಅಥಣಿಯಲ್ಲಿ ಎರಡು ತಿಂಗಳು, ಎಲ್ಲಿ ಕಬ್ಬೋ ಅಲ್ಲಿ ಗುಡಿಸಲು. ಕೈಯಲ್ಲಿ ಕಬ್ಬು ಕಡಿಯುವ ಮಚ್ಚು, ಕೊಯ್ತಾ. ಬುಡಕ್ಕೆ ಒಂದೇ ಏಟು, ತುದಿಗೆ ಒಂದು, ಕಬ್ಬು ಮಗ್ಗುಲಿಗೆ. ಅದೂ ಎಡಗೈಯಲ್ಲಿ. ಎಡಗೈಯವಳ ಪಕ್ಕ ಯಾರೂ ಸಾಲು ಹಿಡಿಯುತ್ತಿರಲಿಲ್ಲ, ಕೊಯ್ತಾ ಯಾವ ಕಡೆಯಿಂದ ಬರುತ್ತದೆಂದು ತಿಳಿಯದೆ ಹೆದರುತ್ತಿದ್ದರು. ಹಾಗಾಗಿ ಆಕೆಗೆ ಯಾವಾಗಲೂ ಹೊಲದ ಅಂಚಿನ ಸಾಲು. ಅಂಚಿನ ಸಾಲಿನವಳೇ ಎಲ್ಲರಿಗಿಂತ ಮೊದಲು ಬದುವಿಗೆ ಬಂದು ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದಳು ಎಂಬುದನ್ನು ಬಾಳು ಎಂದೂ ಒಪ್ಪಿರಲಿಲ್ಲ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪ್ರಾಜಕ್ತಾ ಮಗದುಮ್ ಬಂದಳು. ಬೋರಗಾಂವದ ಜೈನರ ಹುಡುಗಿ, ಮನೆಯಲ್ಲಿ ವಿದ್ಯುತ್ ಮಗ್ಗಗಳು. ಹಳೆಯ ಆಯುಧಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಮೇಲಿನ ಕಚೇರಿಯವರು ಆಕೆಯನ್ನೇ ಕತ್ತಿಯ ಅಧ್ಯಯನಕ್ಕೆ ನೇಮಿಸಿದ್ದರು. ಒಳಗಿನ ಪಡಸಾಲೆಯನ್ನು ಹೊಸದಾಗಿ ಕಟ್ಟುವುದಿತ್ತು, ನಡುವೆ ಯಾವ ವಸ್ತು ಇಡಬೇಕು ಎಂಬುದು ಆಕೆಯ ವರದಿಯ ಮೇಲೆ ನಿಂತಿತ್ತು.

“ನಮ್ಮ ಅಜ್ಜಿ ಗಂಗೂಬಾಯಿ ನೀರು ಸೋಸಿ ಕುಡಿಯಾಕಿ,” ಎಂದು ಮೊದಲ ದಿನವೇ ಪ್ರಾಜಕ್ತಾ ಸುಂದರಾಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು ನಕ್ಕಳು. “ಇರುವಿ ತುಳಿಬಾರದು ಅಂತ ನೆಲಾ ನೋಡಿ ನಡಿಯೋ ಮನಿತನದಾಗ ಹುಟ್ಟಿ ತಲವಾರ ಓದತೀಯಾ ಅಂತ ಬೈತಾಳ್ರಿ ಮಾವಶಿ. ಅಜ್ಜಿ, ಓದಾಕತ್ತೀನಿ ಅಷ್ಟ, ಬೀಸಾಕತ್ತಿಲ್ಲ ಅಂತ ಹೇಳಿ ಬಂದೀನಿ.”

ಸುಂದರಾಳಿಗೆ ಹುಡುಗಿ ಹಿಡಿಸಿಬಿಟ್ಟಳು. ಮೂರು ವಾರ ಇಬ್ಬರೂ ಕತ್ತಿಯ ಎದುರು ಬದುರು ಕೂತರು. ಪ್ರಾಜಕ್ತಾ ಕೈಗೆ ಬಿಳಿ ಗವಸು ಹಾಕಿಕೊಂಡು, ದವಡೆಯಂತೆ ಕಚ್ಚಿ ಹಿಡಿಯುವ ಕ್ಯಾಲಿಪರಿನಿಂದ ಅಲಗನ್ನು ಬೆರಳು ಬೆರಳಿಗೆ ಅಳೆಯುತ್ತಿದ್ದಳು. ಸುಂದರಾ ದೀಪ ಹಿಡಿಯುತ್ತಿದ್ದಳು. ಬಾಗು ಎಷ್ಟು, ಬೆನ್ನು ಎಷ್ಟು ದಪ್ಪ, ಅಡ್ಡಪಟ್ಟಿಯ ತುದಿಗಳು ಯಾಕೆ ಕೆಳಕ್ಕೆ ಇಳಿಬಿದ್ದಿವೆ, ಎಲ್ಲವನ್ನೂ ಪ್ರಾಜಕ್ತಾ ಹೇಳಿಕೊಡುತ್ತಿದ್ದಳು. ಎಲ್ಲವೂ ದೂರದ ಹುಲ್ಲುನಾಡಿನ ಅಲೆಮಾರಿ ಸವಾರರ ಕತ್ತಿಗೆ ಹೊಂದುತ್ತಿತ್ತು. ಪ್ರಾಜಕ್ತಾ ಒಂದೊಂದು ಅಳತೆ ಹೊಂದಿದಾಗಲೂ ತಲೆದೂಗಿದರೆ ಸುಂದರಾಳಿಗೆ ತನ್ನದೇ ಮಗುವಿನ ಪರೀಕ್ಷೆಯ ಅಂಕ ಓದಿ ಹೇಳಿದ ಹಾಗೆ ಹಿಗ್ಗು.

ನಾಲ್ಕನೆಯ ವಾರದ ಸೋಮವಾರ ಪ್ರಾಜಕ್ತಾ ಭೂತಗನ್ನಡಿಯಿಂದ ಕಣ್ಣು ಎತ್ತಲಿಲ್ಲ. ಚಹಾ ತಣ್ಣಗಾಯಿತು. ಮಧ್ಯಾಹ್ನ ಊಟದ ಡಬ್ಬಿಯನ್ನೂ ಬಿಚ್ಚಲಿಲ್ಲ.

“ಯಾಕ್ರಿ ಮೇಡಂ, ಮೈಯಾಗ ಆರಾಮ ಇಲ್ಲೇನ್ರಿ?” ಎಂದು ಸುಂದರಾ ಕೇಳಿದಳು.

“ನನ್ನ ಮೈಗೆ ಏನೂ ಆಗಿಲ್ಲ ಮಾವಶಿ. ಕತ್ತಿ ಮೈ ಸರಿ ಇಲ್ಲ.” ಆಕೆ ಭೂತಗನ್ನಡಿಯನ್ನು ಕೆಳಗಿಟ್ಟಳು. “ಎಂಟನೂರ ವರ್ಷದ ಕಬ್ಬಿಣ ಅಂದ್ರ ಅದರ ಮ್ಯಾಲ ಒಂದು ಕರಿ ಪದರ ಇರಬೇಕು. ಅದು ಕಬ್ಬಿಣದ ಚರ್ಮ ಇದ್ದಂಗ. ಹಳೇದಷ್ಟೂ ಗಟ್ಟಿ. ಸಂದಿಗೊಂದಿಯಾಗರ ಉಳದೀತು ಅಂತ ಇವತ್ತ ಭೂತಗನ್ನಡಿ ಹಿಡದು ಹುಡಕಿದ್ನಿ, ಒಂದ ಚೂರೂ ಇಲ್ಲ, ಬೆಳ್ಳಗ ಐತಿ. ಆಕಾರ ಎಲ್ಲಾ ಹೊಂದತೈತಿ, ಆದ್ರ ಆಕಾರಾ ಯಾರು ಬೇಕಾದ್ರೂ ನಕಲ ಮಾಡಬಹುದು. ಯಾವದೋ ವಾಡೆದವರು ಗ್ವಾಡಿಗೆ ತೂಗಾಕಾಕ ನೂರ ವರ್ಷದ ಹಿಂದ ಮಾಡಿಸಿದ್ದು, ಆಮ್ಯಾಲ ಹೊಳ್ಯಾಗ ಬಿದ್ದದ್ದು ಅನಸತೈತಿ.”

“ಹಂಗಂದ್ರ?”

“ಹಂಗಂದ್ರ ನಕಲು ಅಂತ ಬರೀಬೇಕು. ಶುಕ್ರವಾರ ವರದಿ ಕೊಡಬೇಕ್ರಿ. ಇದನ್ನ ಗಾಜಿನ ಪೆಟಗಿಯಿಂದ ತಗದು ಗೋದಾಮಿನಾಗ ಹಾಕತಾರ.”

ಸುಂದರಾ ದೀಪ ಆರಿಸಿ ಕೆಳಗಿಟ್ಟಳು. ಹುಡುಗಿ ಹೇಳಿದ್ದು ಅರ್ಥವಾಗಲಿಲ್ಲ ಎಂದಲ್ಲ. ಪೂರಾ ಅರ್ಥವಾಗಿತ್ತು, ತಾಪತ್ರಯ ಇದ್ದದ್ದೇ ಅಲ್ಲಿ. ಆ ಕರಿ ಪದರ ಎಲ್ಲಿ ಹೋಯಿತು ಎಂಬುದು ಭೂಮಿಯ ಮೇಲೆ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಸುಂದರಾ ಕೆಲಸಕ್ಕೆ ಸೇರಿದ ಮೊದಲ ವರ್ಷ ಮಹಾನವಮಿಯ ಖಂಡೇಪೂಜೆ ಬಂದಿತ್ತು. ಮನೆಮನೆಯಲ್ಲಿ ಕೊಡಲಿ, ಕುಡುಗೋಲು, ನೇಗಿಲು, ಟ್ರ್ಯಾಕ್ಟರು, ಎಲ್ಲಕ್ಕೂ ಕುಂಕುಮ ಇಡುವ ದಿನ. ಮ್ಯೂಸಿಯಮ್ಮಿನಲ್ಲಿ ಇಷ್ಟು ದೊಡ್ಡ ಕತ್ತಿ ಇರುವಾಗ ಅಧಿಕಾರಿಗಳು ಸುಮ್ಮನಿರುತ್ತಾರೆಯೇ? “ಸುಂದರಾಬಾಯಿ, ಕತ್ತಿ ಸ್ವಚ್ಛ ಮಾಡಿ ಇಡ್ರಿ, ನಾಳೆ ಪೂಜಿ ಐತಿ. ಆ ಅರಗ ಮಾತ್ರ ಮುಟ್ಟಬ್ಯಾಡ್ರಿ, ಅಡ್ಡಪಟ್ಟಿ ಬಿಚ್ಚೀತು,” ಎಂದು ಹೇಳಿ ಮನೆಗೆ ಹೋದರು. ಸುಂದರಾಳದು ಗೋಡೆಯ ಮೇಲೆ ಬುದ್ಧನ ಪಟ ಇರುವ ಮನೆ, ಪೂಜೆ ಗೀಜೆ ಆಕೆಗೆ ಬೇಡ. ಆದರೆ ಕಬ್ಬಿಣ ಬೆಳಗುವುದು ಪೂಜೆಯಲ್ಲವಲ್ಲ. ಆಕೆ ಪೆಟ್ಟಿಗೆ ತೆಗೆದು ನೋಡಿದರೆ ಕತ್ತಿ ಕರ್ರಗೆ, ಗಂಟು ಗಂಟಾಗಿ, ಹಂಚಿನ ತಳದ ಹಾಗೆ ಇತ್ತು. ಆಕೆಗೆ ಅಸಹ್ಯವೇ ಆಯಿತು. ಕಬ್ಬು ಕಡಿಯುವ ತನ್ನ ಕೊಯ್ತಾ ಬೆಳ್ಳಿಯಂತೆ ಹೊಳೆಯುವಾಗ, ದೇಶ ದೇಶ ದಾಟಿ ಬಂದ ಇಂಥ ಅಲಗು ಹೀಗೆ ಬಿದ್ದಿರಬೇಕೇ?

ಹುಣಸೆಹಣ್ಣು ನೆನೆಸಿದಳು. ಇಟ್ಟಂಗಿ ಕುಟ್ಟಿ ಪುಡಿ ಮಾಡಿ ಜರಡಿ ಹಿಡಿದಳು. ತೆಂಗಿನ ನಾರು ತೆಗೆದುಕೊಂಡು, ಅರಗು ಬಿಟ್ಟು, ಎಡಗೈಯಿಂದ ತಿಕ್ಕಿದಳು ನೋಡಿ, ಭುಜ ಬೀಳುವವರೆಗೆ. ಮರುದಿನ ಅಧಿಕಾರಿಗಳು ಬಂದು ಕತ್ತಿಯಲ್ಲಿ ಮುಖ ನೋಡಿಕೊಂಡರು. ಇಡೀ ಕಚೇರಿಗೆ ಪೇಢೆ ಹಂಚಿದರು. ಆವತ್ತಿನಿಂದ ವರ್ಷಕ್ಕೊಮ್ಮೆ ಅದೇ ಹುಣಸೆ, ಅದೇ ಇಟ್ಟಂಗಿ, ಆಮೇಲೆ ಕೊಬ್ಬರಿ ಎಣ್ಣೆ. ಈ ಕೆಲಸದಲ್ಲಿ ಆಕೆಗೆ ಇದ್ದ ದೊಡ್ಡ ಹೆಮ್ಮೆ ಅದೇ.

ಸಂಜೆ ಕರೋಶಿ ಬಸ್ಸಿನಲ್ಲಿ ಕೂತವಳು ನಿಲ್ದಾಣ ದಾಟಿ ಮುಂದಿನ ಊರಿನಲ್ಲಿ ಇಳಿದಳು. ನಡೆದುಕೊಂಡು ಮನೆಗೆ ಬಂದಾಗ ಬಾಳು ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದ. ಬೆನ್ನು ಹಿಡಿದು ಎರಡು ವರ್ಷದಿಂದ ಗ್ಯಾಂಗಿಗೆ ಹೋಗದವನು. ಆಕೆ ಎಲ್ಲವನ್ನೂ ಹೇಳಿದಳು.

“ಬಾಯಿ ಮುಚ್ಚಿಕೊಂಡ ಕುಂದ್ರು,” ಎಂದ ಬಾಳು. “ನಿಂದು ವರ್ಷ ವರ್ಷ ಸಹಿ ಮಾಡೋ ನೌಕರಿ. ಸರಕಾರಿ ಸಾಮಾನ ಹಾಳ ಮಾಡಿದಿ ಅಂತ ಗೊತ್ತಾತಂದ್ರ ನಾಳಿಂದ ಬರಬ್ಯಾಡ ಅಂತಾರ. ಕತ್ತಿ ಗೋದಾಮಿಗೆ ಹೋದ್ರ ಹೋಗ್ಲಿ. ಅದೇನ ನಿಮ್ಮಪ್ಪಂದ?”

“ನಮ್ಮಪ್ಪಂದಲ್ಲ. ನಕಲೂ ಅಲ್ಲ.”

“ನಿನಗೇನ ಗೊತ್ತ ಬೇ?”

“ಗೊತ್ತೈತಿ.” ಆಕೆ ಒಳಗೆ ಹೋಗಿ ಗೂಟಕ್ಕೆ ತೂಗು ಹಾಕಿದ್ದ ತನ್ನ ಕೊಯ್ತಾ ಇಳಿಸಿಕೊಂಡು ಬಂದಳು. ಹೆಬ್ಬೆರಳನ್ನು ಅಲಗಿನ ಮಗ್ಗುಲಿಗೆ ಸವರಿದಳು. ಕಲ್ಲಿಗೆ ಮಸೆದು ಮಸೆದು ಒಂದು ಮಗ್ಗುಲು ಅಗಲವಾಗಿ ಸವೆದಿತ್ತು, ಇನ್ನೊಂದು ಮಗ್ಗುಲು ಕಿರಿದು. ನಡುಹೊಟ್ಟೆಯಲ್ಲಿ ಅಲಗು ಒಂದಿಷ್ಟು ಒಳಕ್ಕೆ ಹೋಗಿತ್ತು, ಏಟು ಬೀಳುವ ಜಾಗವದು. ಮ್ಯೂಸಿಯಮ್ಮಿನ ಕತ್ತಿಯನ್ನು ಎಣ್ಣೆ ಬಟ್ಟೆಯಿಂದ ಒರೆಸುವಾಗಲೆಲ್ಲ ಆಕೆಯ ಬೆರಳಿಗೆ ಸಿಕ್ಕಿದ್ದು ಇದೇ ಸವಕಳಿ, ಇದೇ ಮಗ್ಗುಲಿಗೆ. ಆ ಕುದುರೆಯವನೂ ಎಡಚ ಎಂದು ಆಕೆಗೆ ಹತ್ತೊಂಬತ್ತು ವರ್ಷದಿಂದ ಗೊತ್ತು. ಯಾರೂ ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ.

“ಗ್ವಾಡಿಗೆ ತೂಗಾಕಾಕ ಮಾಡಿಸಿದ್ದನ್ನ ಯಾರರ ಹಿಂಗ ಮಸೀತಾರೇನ್ರಿ?” ಎಂದು ಕೇಳಿದಳು. ಬಾಳು ಶೇಂಗಾ ಸಿಪ್ಪೆ ಗುಡ್ಡೆ ಮಾಡುತ್ತ ಕೂತ.

ಮರುದಿನ ಬೆಳಿಗ್ಗೆ ಸುಂದರಾ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಚೀಲದಲ್ಲಿ ಕೊಯ್ತಾ ಮತ್ತು ನಿಂಬೆಹಣ್ಣಿನಷ್ಟು ಹುಣಸೆ ಉಂಡೆ ಹಾಕಿಕೊಂಡು ನೇರ ಅಧಿಕಾರಿಯ ಕೋಣೆಗೆ ಹೋದಳು. ಈಗಿನ ಅಧಿಕಾರಿ ಕಾಕಾಸಾಹೇಬ, ನಾಲ್ಕು ವರ್ಷದಿಂದ ಇದ್ದಾರೆ. ಒಳ್ಳೆಯವರೇ, ಮೇಲಿನ ಕಚೇರಿಯ ಫೋನು ಬಂದರೆ ಮಾತ್ರ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಾರೆ. ಎದುರಿಗೆ ಪ್ರಾಜಕ್ತಾ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದಳು.

ಸುಂದರಾ ಹುಣಸೆ ಉಂಡೆಯನ್ನು ಮೇಜಿನ ಮೇಲೆ ಇಟ್ಟಳು.

“ಇದೇನ ಸುಂದರಾಬಾಯಿ, ಸಾರ ಮಾಡೋರೇನ?” ಎಂದರು ಕಾಕಾಸಾಹೇಬ.

“ಕತ್ತಿ ಮ್ಯಾಲಿನ ಕರಿ ಪದರ ಇದು ತಿಂದೈತ್ರಿ ಸಾಹೇಬ್ರ. ಇದು, ಇಟ್ಟಂಗಿ ಪುಡಿ, ಮತ್ತ ನನ್ನ ಎಡಗೈ. ಹತ್ತೊಂಬತ್ತು ಖಂಡೇಪೂಜಿ.” ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿ ಸೆರಗನ್ನು ಬಿಗಿದು ಹಿಡಿದು ನಿಂತಳು.

ಕಾಕಾಸಾಹೇಬರ ಮುಖ ಕೆಂಪಾಯಿತು. “ತಲಿ ಐತೇನ್ರಿ ನಿಮಗ? ಸರಕಾರಿ ಆಸ್ತಿ ಅದು. ಅಡಗಿಮನಿ ತಂಬಗಿ ತಿಕ್ಕಿದಂಗ ತಿಕ್ಕಿದ್ರಿ? ಮ್ಯಾಲಿನವ್ರಿಗೆ ನಾ ಏನ ಉತ್ತರ ಕೊಡ್ಲಿ? ಹಿಂಗ ಹೊಳಿಯೋದನ್ನ ನೋಡಿ ಯಾರಿಗೂ ಅನುಮಾನ ಬರಲಿಲ್ಲೇನ?” ಎಂದು ಗುಡುಗಿದರು.

ಪ್ರಾಜಕ್ತಾ ಅವರ ಕುರ್ಚಿಯ ಹಿಂದಿನ ಗೋಡೆ ನೋಡಿದಳು. ಸುಂದರಾಳೂ ನೋಡಿದಳು. ಅಲ್ಲಿ ಚೌಕಟ್ಟು ಹಾಕಿದ ಬಣ್ಣದ ಫೋಟೊ. ಹೋದ ವರ್ಷದ ಖಂಡೇಪೂಜೆ. ಥಳಥಳ ಹೊಳೆಯುವ ಬಾಗುಗತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹಣೆಗೆ ಕುಂಕುಮ, ಕೊರಳಿಗೆ ಹಾರ, ಮೂವತ್ತೆರಡೂ ಹಲ್ಲು ಕಾಣುವ ಹಾಗೆ ನಿಂತವರು ಕಾಕಾಸಾಹೇಬರೇ. ಅವರೂ ತಿರುಗಿ ನೋಡಿದರು. ಆಮೇಲೆ ಒಂದು ಲೋಟ ನೀರು ಕುಡಿದರು.

“ಮಾವಶಿ,” ಎಂದಳು ಪ್ರಾಜಕ್ತಾ, ಧ್ವನಿ ಇಳಿದಿತ್ತು. “ನೀವು ಎಂಟನೂರ ವರ್ಷದ ಚರ್ಮ ಸುಲದೀರಿ. ಅದನ್ನ ಹೊಳ್ಳಿ ಹಚ್ಚಾಕ ಯಾರಿಂದಲೂ ಆಗೂದಿಲ್ಲ.”

“ತಪ್ಪಾತ್ರಿ,” ಎಂದಳು ಸುಂದರಾ. ತನ್ನ ಹೆಮ್ಮೆಯ ಕೆಲಸವೇ ತನ್ನ ತಪ್ಪು ಎಂದು ಒಪ್ಪಿಕೊಳ್ಳುವುದು ಕೊಯ್ತಾ ಕಾಲಿಗೆ ಬಡಿದದ್ದಕ್ಕಿಂತ ಹೆಚ್ಚು ನೋಯುತ್ತದೆ ಎಂದು ಆಕೆಗೆ ಆಗಲೇ ತಿಳಿದದ್ದು.

“ನಾ ನಿಮ್ಮನ್ನ ನಂಬತೀನಿ. ಆದ್ರ ವರದಿ ಓದವರು ನಂಬಬೇಕಲ್ರಿ. ಕತ್ತಿ ಉಳಸಾಕ ಸುಳ್ಳ ಹೇಳ್ಯಾಳ ಅಂತಾರ.”

“ಅದಕ್ಕಂತನ ಬಂದೀನ್ರಿ. ಅಡ್ಡಪಟ್ಟಿ ಕೆಳಗ ನಾಲ್ಕ ಬಟ್ಟ ಅಗಲ ಅರಗ ಐತಲ್ರಿ, ಅದು ನಾ ಬರೂಕಿಂತ ಮೊದಲಿಂದ ಐತಿ. ಮುಟ್ಟಬ್ಯಾಡ ಅಂದಿದ್ರ ಹಳೇ ಸಾಹೇಬ್ರು, ನಾ ಮುಟ್ಟಿಲ್ಲ. ಅರಗ ತಗದು ನೋಡ್ರಿ.”

ಪ್ರಾಜಕ್ತಾ ದಿಗ್ಗನೆ ಎದ್ದಳು. ಅರಗು ಬಿಚ್ಚುವ ಅನುಮತಿ ಕೊಡಬೇಕಾದವರು ಕಾಕಾಸಾಹೇಬ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. “ಅಡ್ಡಪಟ್ಟಿ ಮುರಿದ್ರ ಯಾರು ಜವಾಬ್ದಾರಿ? ಒಳಗೂ ಬೆಳ್ಳಗ ಇದ್ರ?”

“ಬೆಳ್ಳಗ ಇದ್ರ ಕತ್ತಿ ಸುಳ್ಳು, ನಾನೂ ಸುಳ್ಳು,” ಎಂದಳು ಸುಂದರಾ. “ಕರ್ರಗ ಇದ್ರ ಕತ್ತಿ ಖರೆ, ನನ್ನ ತಪ್ಪೂ ಖರೆ. ಎರಡರಾಗ ಯಾವದ ಬಂದ್ರೂ ನನ್ನ ನೌಕರಿ ನಿಮ್ಮ ಕೈಯಾಗ ಐತ್ರಿ ಸಾಹೇಬ್ರ. ಸಹಿ ಮಾಡ್ರಿ.”

ಇಂಥ ಮಾತು ಕೇಳಿದ ಮೇಲೂ ಸಹಿ ಹಾಕದೆ ಕೂರುವಷ್ಟು ಕೆಟ್ಟ ಮನುಷ್ಯರಲ್ಲ ಅವರು. ಹಾಕಿದರು.

ಪಡಸಾಲೆಯ ಬಾಗಿಲು ಮುಚ್ಚಿ ಮೂವರೂ ಕತ್ತಿಯ ಸುತ್ತ ಕೂತರು. ಪ್ರಾಜಕ್ತಾ ಸಣ್ಣ ದೀಪದ ಕಾವನ್ನು ಅರಗಿಗೆ ಹಿಡಿದು, ಬಿದಿರಿನ ಕಡ್ಡಿಯಿಂದ ಚೂರು ಚೂರೇ ಎಬ್ಬಿಸತೊಡಗಿದಳು. ಒಂದು ತಾಸು ಹೋಯಿತು. ಹೊರಗೆ ಬಸ್ಸಿನ ಹಾರ್ನು, ಕಬ್ಬಿನ ಟ್ರ್ಯಾಕ್ಟರಿನ ಡಬಡಬ. ಸುಂದರಾ ಅಲ್ಲಿಯವರೆಗೆ ಕತ್ತಿ ನೋಡಲಿಲ್ಲ, ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ಅರಗಿನ ದೊಡ್ಡ ಚಕ್ಕೆಯೊಂದು ಎದ್ದು ಬಟ್ಟೆಯ ಮೇಲೆ ಬಿತ್ತು. ಪ್ರಾಜಕ್ತಾ ಭೂತಗನ್ನಡಿ ಹಿಡಿದು ಬಗ್ಗಿದಳು, ಬಗ್ಗಿದವಳು ಏಳಲೇ ಇಲ್ಲ. ಕಾಕಾಸಾಹೇಬರು ಇನ್ನಷ್ಟು ಹತ್ತಿರ ಸರಿದರು.

“ಮಾವಶಿ, ಬರ್ರಿ ಇಲ್ಲೆ. ನೀವ ನೋಡ್ರಿ.”

ಸುಂದರಾ ಗಾಜಿನಲ್ಲಿ ಇಣುಕಿದಳು. ಕಪ್ಪು. ಹತ್ತೊಂಬತ್ತು ವರ್ಷದ ಹಿಂದೆ ತಾನು ಅಸಹ್ಯಪಟ್ಟ ಅದೇ ಗಂಟು ಗಂಟಾದ ಕಪ್ಪು. ಪದರದ ಮೇಲೆ ಪದರ. ಪದರಗಳ ನಡುವೆ ಸಾಸಿವೆಗಿಂತ ಸಣ್ಣ ಹೊಳೆಯ ಮರಳಿನ ಕಾಳುಗಳು ಸಿಕ್ಕಿಕೊಂಡು ಮಿನುಗುತ್ತಿದ್ದವು. ಅರಗು ಮುಗಿದ ಗೆರೆಯಲ್ಲಿ ಕಪ್ಪು ನಿಂತು, ಅಲ್ಲಿಂದ ಸುಂದರಾಳ ಬಿಳುಪು ಶುರುವಾಗಿತ್ತು. ಆಕೆಗೆ ಅಳು ಬಂತು. ಅಳುತ್ತಲೇ ನಕ್ಕಳು.

“ಇದು ನೂರ ವರ್ಷದ ಕಪ್ಪಲ್ಲ ಸರ್,” ಎಂದಳು ಪ್ರಾಜಕ್ತಾ, ಕಾಕಾಸಾಹೇಬರತ್ತ ತಿರುಗಿ. “ಒಂದ ಚೂರ ಪುಣೆಗೆ ಪರೀಕ್ಷಾಕ ಕಳಸೋಣು. ಆದ್ರ ನನಗ ಅನುಮಾನ ಉಳದಿಲ್ಲ. ಇದು ಹಳೇದು. ಬಳಸಿದ್ದು ಹೌದೋ ಅಲ್ಲೋ ಅಂತ ಅಷ್ಟ ಹೇಳಾಕ ಆಗೂದಿಲ್ಲ. ಅಲಗಿನ ಎರಡೂ ಮಗ್ಗಲಾ ಸಮ ಇಲ್ಲ, ಮಾಡಿದಂವ ಅವಸರ ಮಾಡ್ಯಾನ ಅಂತ ಬರಕೊಂಡೀನಿ.”

“ಮಾಡಿದಂವಂದೇನ ತಪ್ಪಿಲ್ರಿ,” ಎಂದು ಸುಂದರಾ ಕೈಚೀಲದಿಂದ ಕೊಯ್ತಾ ತೆಗೆದು ಕತ್ತಿಯ ಪಕ್ಕದಲ್ಲಿಟ್ಟಳು. “ಅಳೀರಿ ಇದನ್ನೂ.”

ಪ್ರಾಜಕ್ತಾ ಕೊಯ್ತಾದ ಅಲಗಿಗೆ ಕ್ಯಾಲಿಪರ್ ಹಿಡಿದಳು. ಆಮೇಲೆ ಕತ್ತಿಗೆ. ಮತ್ತೆ ಕೊಯ್ತಾಕ್ಕೆ. ಎರಡರಲ್ಲೂ ಒಂದೇ ಮಗ್ಗುಲು ಅಗಲ, ಒಂದೇ ಜಾಗದಲ್ಲಿ ಹೊಟ್ಟೆ ಸವೆದದ್ದು.

“ಎಡಚರು ಬಲಗೈಯಾಗ ಹಿಡಿಕಿ ಹಿಡದು ಎಡಗೈಲೆ ಕಲ್ಲ ಆಡಸತಾರ್ರಿ,” ಎಂದು ಸುಂದರಾ ಗಾಳಿಯಲ್ಲೇ ಮಸೆದು ತೋರಿಸಿದಳು. “ಹಿಂಗ ಮಸದ್ರ ಈ ಮಗ್ಗಲಾನ ಸವೀತೈತಿ. ಇಂವ ನನ್ನಂಗ ಎಡಚ ಅದಾನ್ರಿ. ದಿನಾ ಮಸದಾನ, ದಿನಾ ಬಳಸ್ಯಾನ.”

“ತಡೀರಿ,” ಎಂದರು ಕಾಕಾಸಾಹೇಬ, ಈಗ ಅವರಿಗೂ ರುಚಿ ಹತ್ತಿತ್ತು. “ಸುಂದರಾಬಾಯಿ ಎಡಗೈಲೆ ತಿಕ್ಕ್ಯಾರ. ಆ ಸವಕಳಿ ಇವರದ ಇರಬಹುದಲ್ಲ?”

“ನಾರಿನಿಂದ ತಿಕ್ಕಿದ್ರ ಅಂಚು ದುಂಡಗ ಆಗತೈತಿ ಸರ್. ಕಲ್ಲಿಗೆ ಮಸದ್ರ ಹಿಂಗ ಚೂಪ ಗೆರಿ ಬೀಳತೈತಿ, ನೋಡ್ರಿ,” ಎಂದು ಪ್ರಾಜಕ್ತಾ ತೋರಿಸಿದಳು. “ಮಾವಶಿ, ಬಲಗೈಯವರ ಕೊಯ್ತಾ ಒಂದ ಸಿಕ್ಕರ ಪಕ್ಕಾ ಆಗತೈತಿ.”

ಕಾಕಾಸಾಹೇಬರೇ ಬಾಳುವಿಗೆ ಫೋನು ಹಚ್ಚಿದರು. “ಕೊಯ್ತಾ ತಗೊಂಡ ಲಗೂನ ಮ್ಯೂಸಿಯಮ್ಮಿಗೆ ಬಾ,” ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಪಾಪ, ಬಾಳುವಿನ ಜೀವ ಬಾಯಿಗೆ ಬಂದಿರಬೇಕು. ಒಂದು ತಾಸಿನಲ್ಲಿ ಗೋಣಿತಟ್ಟಿನಲ್ಲಿ ಕೊಯ್ತಾ ಸುತ್ತಿಕೊಂಡು, ಬಗ್ಗಿದ ಬೆನ್ನಿನಲ್ಲೇ ಏದುಸಿರು ಬಿಡುತ್ತ ಬಂದ. ಬಂದವನೇ ಕೈಮುಗಿದ. “ಸಾಹೇಬ್ರ, ಅಕಿಗೆ ತಿಳಿವಳಿಕಿ ಇಲ್ರಿ. ಹೊಟ್ಟಿಗೆ ಹಾಕ್ಕೋರಿ. ಅಕಿ ಒಂದ ಸಾಮಾನೂ ಮನಿಗೆ ಒಯ್ದಾಕಿ ಅಲ್ರಿ.”

“ನಿನ್ನ ಕೊಯ್ತಾ ಕೊಡೋ ಮಾರಾಯಾ ಮೊದಲ,” ಎಂದರು ಕಾಕಾಸಾಹೇಬ.

ಪ್ರಾಜಕ್ತಾ ಅಳೆದಳು. ಬಾಳುವಿನ ಕೊಯ್ತಾದ ಸವಕಳಿ ಸರಿಯಾಗಿ ಎದುರು ಮಗ್ಗುಲಿಗಿತ್ತು. ಮೂರು ಅಲಗುಗಳು ಸಾಲಾಗಿ ಬಟ್ಟೆಯ ಮೇಲೆ ಮಲಗಿದ್ದವು. ಬಾಳುವಿನದು ಒಂದು ಕಡೆ, ಸುಂದರಾಳದು ಮತ್ತು ಕುದುರೆ ಸವಾರನದು ಇನ್ನೊಂದು ಕಡೆ. ಪ್ರಾಜಕ್ತಾ ಬಾಳುವಿಗೆ ವಿವರಿಸಿದಳು. ಅವನು ಬಗ್ಗಿ ಕತ್ತಿ ನೋಡಿದ, ಹೆಂಡತಿಯ ಮುಖ ನೋಡಿದ, ಮತ್ತೆ ಕತ್ತಿ ನೋಡಿದ.

“ಇಂವನ ಮಗ್ಗಲದಾಗೂ ಯಾರೂ ನಿಂದರತಿದ್ದಿಲ್ಲ ಅಂದಂಗಾತು,” ಎಂದ.

“ಅದಕ್ಕ ಅಂವ ಎಲ್ಲಾರಕಿಂತ ಮುಂದ ಇದ್ದ,” ಎಂದಳು ಸುಂದರಾ. ಅಂಚಿನ ಸಾಲಿನ ಹಳೆಯ ಜಗಳ ಅಲ್ಲಿಗೆ ಮುಗಿಯಿತು, ಬಾಳು ತಲೆದೂಗಿದ.

ಶುಕ್ರವಾರ ವರದಿ ಹೋಯಿತು. ಅದರ ಎಂಟನೆಯ ಪುಟದಲ್ಲಿ ಕತ್ತಿಯ ಮೇಲ್ಪದರ ಹೇಗೆ ಹೋಯಿತು ಎಂಬುದನ್ನು ಮುಚ್ಚುಮರೆ ಇಲ್ಲದೆ ಬರೆದಿತ್ತು. ಒಂಬತ್ತನೆಯ ಪುಟದಲ್ಲಿ ಸವಕಳಿಯನ್ನು ಗುರುತಿಸಿದವರು ಸುಂದರಾ ಬಾಳು ಕುರಣೆ ಎಂದೂ ಬರೆದಿತ್ತು. ಮೇಲಿನ ಕಚೇರಿಯವರು ಎರಡೂ ಪುಟ ಓದಿದರು. ಸುಂದರಾಳಿಗೆ ಒಂದು ಎಚ್ಚರಿಕೆ ಪತ್ರ ಬಂತು, ಇನ್ನು ಮುಂದೆ ಯಾವ ವಸ್ತುವನ್ನೂ ಬೆಳಗಕೂಡದು ಎಂದು. ಆಕೆ ಎಡಗೈಯಿಂದ ಸಹಿ ಹಾಕಿ ಒಂದು ಪ್ರತಿ ಮನೆಗೆ ಒಯ್ದಳು. ನೌಕರಿ ಉಳಿಯಿತು. ಕಾಕಾಸಾಹೇಬರ ಕುರ್ಚಿಯ ಹಿಂದಿನ ಫೋಟೊ ಮಾತ್ರ ಅದೇ ವಾರ ಎಲ್ಲಿಗೋ ಹೋಯಿತು. ಅಲ್ಲಿ ಈಗ ಕ್ಯಾಲೆಂಡರ್ ತೂಗುತ್ತಿದೆ. ಈ ಸಲದ ಖಂಡೇಪೂಜೆಯಲ್ಲಿ ಅವರು ಕಚೇರಿಯ ಪ್ರಿಂಟರಿಗೆ ಕುಂಕುಮ ಇಟ್ಟು ಕೈ ತೊಳೆದುಕೊಂಡರು.

ಪುಣೆಯಿಂದ ಫಲಿತಾಂಶ ಬಂದ ದಿನ ಪ್ರಾಜಕ್ತಾ ಬೋರಗಾಂವದಿಂದ ಅಜ್ಜಿಯನ್ನು ಕರೆದುಕೊಂಡೇ ಬಂದಳು. ಕಪ್ಪು ಪದರ ಶತಮಾನಗಳಷ್ಟು ಹಳೆಯದು, ಮರಳು ನದಿಯದ್ದು. ಗಂಗೂಬಾಯಿ ಕತ್ತಿಯನ್ನು ಅಷ್ಟು ದೂರದಿಂದಲೇ ನೋಡಿ, ಸುಂದರಾಳ ಹತ್ತಿರ ಬಂದು ಆಕೆಯ ಎಡಗೈ ಹಿಡಿದುಕೊಂಡರು. “ಖರೆ ಹೇಳಾಕ ಕತ್ತಿ ಹಿಡಿಯೋದಕ್ಕಿಂತ ಹೆಚ್ಚಿನ ಧೈರ್ಯ ಬೇಕವಾ,” ಎಂದರು. ಸುಂದರಾ ನಾಚಿ ಚಹಾ ತರಲು ಹೋದಳು.

ಹೊಸ ಪಡಸಾಲೆ ಮುಗಿದು ಮೊದಲ ಶಾಲೆ ಬಂದದ್ದು ರಾಯಬಾಗದಿಂದ. ಮಕ್ಕಳು ಎಂದಿನಂತೆ ವೀರಗಲ್ಲುಗಳನ್ನು ದಾಟಿ ಓಡಿ ನಡುವಿನ ಪೆಟ್ಟಿಗೆಗೆ ಮೂಗು ಒತ್ತಿದವು. ಕತ್ತಿ ಅಲ್ಲೇ ಇತ್ತು, ಹಿಡಿಕೆಯ ಹತ್ತಿರ ನಾಲ್ಕು ಬೆರಳು ಕಪ್ಪು, ಉಳಿದದ್ದೆಲ್ಲ ಬಿಳುಪು. ಅದರ ಪಕ್ಕದಲ್ಲಿ ಸುಂದರಾಳ ಕೊಯ್ತಾ. ಬಾಳುವಿನದು ಮನೆಗೆ ವಾಪಸು ಬಂದು ಗೂಟಕ್ಕೆ ತೂಗುತ್ತಿದೆ. ಅದಕ್ಕೆ ಅವನಿಗೆ ಒಂದಿಷ್ಟು ಬೇಜಾರೂ ಇದೆ.

ಸಂಗ್ರಹಾಲಯದಲ್ಲಿ ಈಗ ನಾನೂರ ಹದಿಮೂರು ವಸ್ತುಗಳು. ಎರಡು ಜಡೆಯ ಹುಡುಗಿಯೊಬ್ಬಳು ಫಲಕವನ್ನು ಗಟ್ಟಿಯಾಗಿ ಓದತೊಡಗಿದಳು. “ಬಾಗುಗತ್ತಿ. ಅಲೆಮಾರಿ ಕುದುರೆ ಸವಾರರದು. ಸುಮಾರು ಎಂಟುನೂರು ವರ್ಷ ಹಳೆಯದು. ಬಳಸಿದವರು: ಎಡಗೈಯವರು. ಹೆಸರು ತಿಳಿದಿಲ್ಲ.” ಉಸಿರು ಎಳೆದುಕೊಂಡು ಎರಡನೆಯದನ್ನು ಓದಿದಳು. “ಕಬ್ಬು ಕಡಿಯುವ ಕೊಯ್ತಾ. ಬಳಸಿದವರು: ಎಡಗೈಯವರು. ಸುಂದರಾ ಬಾಳು ಕುರಣೆ, ಕರೋಶಿ.”

“ಸುಂದರಾ ಅಂದ್ರ ಯಾರ್ರಿ?” ಎಂದು ಹುಡುಗಿ ಕೇಳಿದಳು.

ಸುಂದರಾ ಪೆಟ್ಟಿಗೆಯ ಹತ್ತಿರ ಬಂದಳು. ಒಳಗೆ ತನ್ನ ಕೊಯ್ತಾದ ಬೆನ್ನಿನ ಮೇಲೆ ಕಂದು ಚುಕ್ಕೆಯೊಂದು ಮೂಡಿದ್ದು ಕಣ್ಣಿಗೆ ಬಿತ್ತು. ಅಂಗೈ ತುರಿಸಿತು. ಹುಣಸೆಹಣ್ಣು ನೆನಪಾಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ನಾನ ನೋಡವಾ,” ಎಂದಳು. “ಕತ್ತಿ ಹಿಡದಂವನ ಹೆಸರ ಯಾರೂ ಬರದ ಇಡಲಿಲ್ಲ, ಎಂಟನೂರ ವರ್ಷ ಕೆಸರಾಗ ಬಿತ್ತು. ನಂದು ಬರದಾರ.” ಆಮೇಲೆ ಮಕ್ಕಳನ್ನು ಹತ್ತಿರ ಕರೆದು, ಕುದುರೆಯವನು ಕೃಷ್ಣೆಯ ದಂಡೆಗೆ ಬಂದ ಕಥೆಯನ್ನು ಮೊದಲಿನಿಂದ ಶುರು ಮಾಡಿದಳು.